ಹದಿಮೂರನೆಯ ಕೆಂಪು ಬಿಲ್ಲೆ

ಆ ಪೆಟ್ಟಿಗೆಯ ಮೂತಿಗೆ ಪ್ಲಾಸ್ಟರ್ ಅಂಟಿಸಿದ್ದರು. ಗಾಯಕ್ಕೆ ಅಂಟಿಸುತ್ತೇವಲ್ಲ, ಅದೇ ಪ್ಲಾಸ್ಟರ್. ಅದನ್ನು ನೋಡಿರದಿದ್ದರೆ ನಾನು ಈ ವಯಸ್ಸಿನಲ್ಲಿ ಪೆನ್ನು ಹಿಡಿಯುತ್ತಿರಲಿಲ್ಲ.

ನಾನು ಸಿದ್ದಾಪುರದ ಹತ್ತಿರ, ಸುತ್ತಲಿನ ಕೆಲವು ಕಾಫಿ ಎಸ್ಟೇಟುಗಳು ಸೇರಿ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ರೆಕಾರ್ಡು ಗುಮಾಸ್ತೆಯಾಗಿದ್ದವಳು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಕೆಲಸಕ್ಕೆ ಸೇರಿ, ತಲೆಗೂದಲು ಬೆಳ್ಳಗಾದ ಮೇಲೆ ಹೊರಬಿದ್ದೆ. ಮೊನ್ನೆ ಮಂಡಿನೋವಿಗೆ ಅಲ್ಲಿಗೇ ಹೋಗಿದ್ದಾಗ, ಕಂಪ್ಯೂಟರ್ ನೋಡಿಕೊಳ್ಳುವ ಶಬಾನಾ ಎಂಬ ಮೂರ್ನಾಡಿನ ಹುಡುಗಿ ಗುರುತು ಹಿಡಿದು, "ಆಂಟಿ, ನಿಮ್ಮ ರೆಕಾರ್ಡ್ ರೂಮ್ ಈಗ ಹೇಗಾಗಿದೆ ನೋಡ್ತೀರಾ?" ಅಂದಳು. ಕೇಳಬೇಕೇ? ಮಂಡಿನೋವು ಅಲ್ಲೇ ಬಿಟ್ಟು ಎದ್ದೆ. ಹುಟ್ಟಿದಾಗಿನಿಂದ ನನ್ನದು ಮೂಗು ತೂರಿಸುವ ಜಾತಿ. "ಇವಳಿಗೆ ಮುಚ್ಚಿದ ಡಬ್ಬ ಕಂಡರೆ ಅನ್ನ ಇಳಿಯೋದಿಲ್ಲ" ಅಂತ ನಮ್ಮಮ್ಮ ಬೈಯುತ್ತಿದ್ದರು.

ಒಳಗೆ ಫ್ರಿಜ್ಜಿನಂಥ ಚಳಿ. ಕಪಾಟಿನಲ್ಲಿ ಎರಡು ಸರ್ವರ್, ಅವುಗಳ ಕೆಳಗೆ ಸಾಲಾಗಿ ಡಿಸ್ಕು ತುಂಬಿದ ಒಂದು ಪೆಟ್ಟಿಗೆ. ಹೆಸರು ಬರೆಸುವ ಕೌಂಟರು, ಔಷಧಿ ಕೌಂಟರು, ವಾರ್ಡು ಎಲ್ಲವೂ ಕೇಳುವುದು ಆ ಎರಡು ಸರ್ವರುಗಳನ್ನು. ಅವೆರಡೂ ಓದುವುದು ಬರೆಯುವುದು ಆ ಒಂದೇ ಪೆಟ್ಟಿಗೆಯಲ್ಲಿ. ಒಂದು ಸರ್ವರ್ ಮಲಗಿದರೆ ಇನ್ನೊಂದು ಕೆಲಸ ಎತ್ತಿಕೊಳ್ಳುತ್ತದಂತೆ. ಡಿಸ್ಕುಗಳೂ ಜೋಡಿ ಜೋಡಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದಂತೆ. ನಾನು ಬಗ್ಗಿ ನೋಡಿದೆ, ತಟ್ಟಿ ನೋಡಿದೆ, ಕಿವಿಯಿಟ್ಟು ಕೇಳಿದೆ. ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು.

"ಅಲ್ಲಮ್ಮ, ಇಬ್ಬರೂ ಒಂದೇ ಕಡೆ ಕೈಹಾಕಿದರೆ? ಒಬ್ಬರು ಬರೆಯುತ್ತಿರುವಾಗಲೇ ಇನ್ನೊಬ್ಬರೂ ಬರೆದುಬಿಟ್ಟರೆ?" ಅಂತ ಕೇಳಿದೆ.

ಅವಳು ನನ್ನನ್ನೇ ನೋಡಿದಳು. "ಆಂಟಿ, ಕಾಲೇಜಲ್ಲಿ ಇದನ್ನ ಅರ್ಥ ಮಾಡ್ಕೊಳ್ಳೋಕೆ ನನಗೆ ಒಂದು ತಿಂಗಳು ಬೇಕಾಯ್ತು. ನೀವು ನಿಂತ ಕಾಲಲ್ಲೇ ಕೇಳಿದ್ರಲ್ಲ! ಅದಕ್ಕೆ ಬೀಗ ಅಂತ ಇರುತ್ತೆ. ಒಬ್ಬರು ಬರೀತಿದ್ರೆ ಇನ್ನೊಬ್ಬರು ಕಾಯಬೇಕು."

"ಬಿಲ್ಲೆ ಅನ್ನು" ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಆಗಲೇ ಪ್ಲಾಸ್ಟರ್ ಕಣ್ಣಿಗೆ ಬಿದ್ದದ್ದು. ಇದೇನು ಅಂದರೆ, "ಅಲ್ಲೊಂದು ಹಳದಿ ದೀಪ ಇದೆ, ಸುಮ್ಮನೆ ಮಿನುಗ್ತಾ ಇರುತ್ತೆ. ಕೆಲಸಕ್ಕೇನೂ ತೊಂದರೆ ಇಲ್ಲ. ಬಂದವರೆಲ್ಲ ಏನು ಏನು ಅಂತ ಕೇಳ್ತಾರಲ್ಲ, ಅದಕ್ಕೇ ಮುಚ್ಚಿಬಿಟ್ವಿ" ಅಂದಳು. ಆ ಚಳಿಯಲ್ಲೇ ಕುರ್ಚಿ ಎಳೆದು ಕೂತು, "ಇಲ್ಲಿ ಕೇಳು ಮಗಾ. ನನ್ನ ಕೈಯಿಂದ ಒಂದು ಹೆಂಗಸಿನ ಜೀವ ಹೋಗುವುದರಲ್ಲಿತ್ತು. ಹೀಗೇ ಮುಚ್ಚಿಟ್ಟಿದ್ದರಿಂದ" ಅಂತ ಶುರುಮಾಡಿದೆ. ಅವಳಿಗೆ ಹೇಳಿದ್ದನ್ನೇ, ರೆಕಾರ್ಡು ಕೆಲಸಕ್ಕೆ ಬರುವ ಉಳಿದ ಮಕ್ಕಳಿಗೂ ಇರಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಕಾಲದ ಪೆಟ್ಟಿಗೆಗೆ ಗಾಣ ಅಂತ ಹೆಸರು. ನಡುವೆ ಕಬ್ಬಿಣದ ಗೂಟ, ಅದರ ಸುತ್ತ ತಿರುಗುವ ಬೀಟೆ ಮರದ ದುಂಡು ಕಪಾಟು, ಎದೆಯೆತ್ತರ, ಮೂರು ಅಂತಸ್ತು. ಅಂತಸ್ತಿನ ತುಂಬ ಸಣ್ಣ ಸಣ್ಣ ಗೂಡು, ಗೂಡಿಗೊಂದು ಕಾರ್ಡು, ಕಾರ್ಡಿಗೊಬ್ಬ ರೋಗಿ. ಊರಿಗೆ ಹೊರಟುಹೋದ ಯಾವನೋ ಬಿಳಿಯ ದೊರೆ ತನ್ನ ಎಸ್ಟೇಟಿನ ಕಾಗದಪತ್ರಕ್ಕೆಂದು ಮಾಡಿಸಿದ್ದಂತೆ, ಹೋಗುವಾಗ ಆಸ್ಪತ್ರೆಗೆ ಕೊಟ್ಟುಹೋದನಂತೆ. ಅದನ್ನಿಟ್ಟಿದ್ದ ಕೋಣೆಗೆ ಮೂರು ಕಿಟಕಿ. ಒಂದು ನನ್ನ ಚೀಟಿ ಕೋಣೆಗೆ, ಒಂದು ಔಷಧಿ ಕೋಣೆಗೆ, ಒಂದು ವಾರ್ಡಿಗೆ. ಯಾರಿಗೆ ಕಾರ್ಡು ಬೇಕೋ ಅವರು ತಮ್ಮ ಕಿಟಕಿಯಿಂದಲೇ ಕೈಚಾಚಿ ಗಾಣ ತಿರುಗಿಸಿ ತೆಗೆದುಕೊಳ್ಳಬೇಕು.

ಮೊದಲನೆಯ ದಿನವೇ ನಾನು ಎಡವಟ್ಟು ಮಾಡಿಕೊಂಡೆ. ನಮ್ಮದು ಕುಶಾಲನಗರದ ಕಡೆ, ಅಪ್ಪ ಹಾಸನದಿಂದ ಬಂದು ನೆಲೆನಿಂತ ಬೇಸಾಯದವರು. ನಾನು ಸಿದ್ದಾಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕೆಲಸಕ್ಕೆ ಸೇರಿದ್ದೆ. ಇಂಥ ಕಪಾಟನ್ನು ಕನಸಿನಲ್ಲೂ ಕಂಡಿರಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ, ಇದು ಎಷ್ಟು ಜೋರಾಗಿ ತಿರುಗಬಹುದು ಎಂದು ಎರಡೂ ಕೈಯಲ್ಲಿ ತಳ್ಳಿದೆ. ತಿರುಗಿತು ನೋಡಿ! ಮೇಲಿನ ಅಂತಸ್ತಿನ ಕಾರ್ಡುಗಳೆಲ್ಲ ಎದ್ದು ಕೋಣೆ ತುಂಬ ಹಾರಾಡಿ ಬಿದ್ದವು. ಬಾಗಿಲಲ್ಲಿ ಹೆಡ್ ಕ್ಲರ್ಕು ಕುಶಾಲಪ್ಪನವರು ನಿಂತಿದ್ದರು.

ಕುಶಾಲಪ್ಪಣ್ಣ ಮಡಿಕೇರಿಯಾಚೆಯ ಅರೆಭಾಷೆಯವರು. ಆಫೀಸಿನಲ್ಲಿ ಎಲ್ಲರ ಜೊತೆ ಎಲ್ಲರ ಕನ್ನಡ, ಆದರೆ ತಲೆ ಬಿಸಿಯಾದರೆ ಮನೆಮಾತು ತಾನಾಗಿ ಹೊರಗೆ ಬರುತ್ತಿತ್ತು. "ಕೂಸೆ, ಇದೆಂಥ ಆಟದ ಸಾಮಾನಾ?" ಅಂದರು, ಅಷ್ಟೇ. ಸಂಜೆಯವರೆಗೆ ನನ್ನ ಜೊತೆ ನೆಲದ ಮೇಲೆ ಕೂತು ಕಾರ್ಡು ಜೋಡಿಸಿದರು. ಅವತ್ತೇ ನಾನು ಗಾಣದ ಒಳಗುಟ್ಟೆಲ್ಲ ಕಲಿತದ್ದು.

ಜೋಡಿಸುವುದು ಹೇಗೆ ಎಂಬುದೇ ಒಂದು ರಾಮಾಯಣವಾಗಿತ್ತಂತೆ. ಕೊಡವರಿಗೆ ಮನೆಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ತಮಿಳರಿಗೆ ಅಪ್ಪನ ಹೆಸರಿನ ಒಂದಕ್ಷರ. ಲೈನಿನ, ಅಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆಗಳ, ಹೆಂಗಸರನ್ನು ಕೇಳಿದರೆ ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ, ನಾಚಿಕೊಂಡು ಪಕ್ಕದವಳ ಕೈಲಿ ಹೇಳಿಸುತ್ತಾರೆ. ಕಾಳಿಯಮ್ಮ ಅಂತ ಕೂಗಿದರೆ ಆರು ಜನ ಎದ್ದು ಬರುತ್ತಿದ್ದರು. ಕೊನೆಗೆ ಕುಶಾಲಪ್ಪಣ್ಣ ಹೆಸರನ್ನೇ ಪಕ್ಕಕ್ಕಿಟ್ಟು, ಎಸ್ಟೇಟು, ಲೈನು, ಮನೆ ನಂಬರು ಹೀಗೆ ಜೋಡಿಸಿದರು. "ಮನುಷ್ಯ ಹೆಸರು ಬದಲಾಯ್ಸಿಯಾನು, ಮಲಗುವ ಜಾಗ ಅಷ್ಟು ಬೇಗ ಬದಲಾಯ್ಸುದಿಲ್ಲ" ಅಂತ ಅವರ ವಾದ.

ಎಲ್ಲಕ್ಕಿಂತ ದೊಡ್ಡದು ಬಿಲ್ಲೆಯ ಕಟ್ಟಳೆ. ಹಳೆಯ ರೂಪಾಯಿಯಷ್ಟಗಲದ ಮರದ ಬಿಲ್ಲೆಗಳು. ನನ್ನ ಕಿಟಕಿಗೆ ಹನ್ನೆರಡು ಹಳದಿ, ಔಷಧಿಯವರಿಗೆ ಹನ್ನೆರಡು ಹಸಿರು, ವಾರ್ಡಿಗೆ ಹನ್ನೆರಡು ಕೆಂಪು. ಕಾರ್ಡು ತೆಗೆದವರು ಆ ಗೂಡಿನಲ್ಲಿ ತಮ್ಮ ಬಣ್ಣದ ಬಿಲ್ಲೆ ಇಡಬೇಕು. ಕಾರ್ಡು ಮರಳಿ ಇಟ್ಟು ಬಿಲ್ಲೆ ವಾಪಸು ತೆಗೆದುಕೊಳ್ಳಬೇಕು. ಗೂಡಿನಲ್ಲಿ ಕೆಂಪು ಕಂಡರೆ ಕಾರ್ಡು ವಾರ್ಡಿನಲ್ಲಿದೆ, ಹೋಗಿ ಕೇಳು, ಇಲ್ಲವೇ ಕಾಯಿ. ಒಬ್ಬರ ಕೈಯಲ್ಲಿರುವ ಕಾರ್ಡು ಇನ್ನೊಬ್ಬರಿಗೆ ಹೋಗಬೇಕಾದರೆ ಗೂಡಿನ ಬಿಲ್ಲೆಯೂ ಬದಲಾಗಬೇಕು. ಶನಿವಾರ ಮಧ್ಯಾಹ್ನ ಕುಶಾಲಪ್ಪಣ್ಣ ಮೂರು ಕಿಟಕಿಯ ಬಿಲ್ಲೆಗಳನ್ನೂ ಎಣಿಸುತ್ತಿದ್ದರು. ಮೂವತ್ತಾರು ಬರದೆ ಅವರು ಮನೆಗೆ ಹೋದವರಲ್ಲ. ನಾವೆಲ್ಲ ಹಿಂದಿನಿಂದ ನಗುತ್ತಿದ್ದೆವು. ನಾನೇ ಜಾಸ್ತಿ ನಗುತ್ತಿದ್ದೆ.

ಮೇಲಿನವರ ಬುದ್ಧಿಯೂ ಒಂದು ಸಲ ನೋಡಿದೆವು. ಹೊಸದಾಗಿ ಬಂದ ದೊಡ್ಡ ಡಾಕ್ಟರಿಗೆ ಮೂರು ಕಡೆಯಿಂದ ಕೈಹಾಕುವುದು ಅಶಿಸ್ತು ಅನ್ನಿಸಿತು. ಮೂರೂ ಕಿಟಕಿಗೆ ಹಲಗೆ ಹೊಡೆಸಿ, ಬಾಗಿಲಿಗೆ ಬೀಗ ಹಾಕಿಸಿ, ಬೀಗದಕೈ ತಮ್ಮ ಕೋಟಿನ ಜೇಬಿನಲ್ಲಿಟ್ಟುಕೊಂಡರು. ಮರುದಿನವೇ ಆ ಕೋಟಿನ ಸಮೇತ ವಿರಾಜಪೇಟೆಗೆ ಮದುವೆಗೆ ಹೋದರು! ಇಲ್ಲಿ ವರಾಂಡದ ತುಂಬ ಜನ, ಒಂದು ಕಾರ್ಡೂ ಕೈಗೆ ಸಿಗದು. ಯಾರಿಗೆ ಯಾವ ಔಷಧಿ ನಡೆಯುತ್ತಿತ್ತೋ ದೇವರೇ ಬಲ್ಲ. ಸಂಜೆ ಅವರು ಬಂದಾಗ ಕುಶಾಲಪ್ಪಣ್ಣ ಸುತ್ತಿಗೆ ತಂದು ಅವರ ಮೇಜಿನ ಮೇಲಿಟ್ಟರು. ಡಾಕ್ಟರು ನಕ್ಕು, ಹಲಗೆ ಕೀಳಿಸಿದರು. ತಪ್ಪನ್ನು ಅಷ್ಟು ಬೇಗ ಒಪ್ಪಿಕೊಂಡ ಮೇಲಧಿಕಾರಿಯನ್ನು ನಾನು ಆಮೇಲೆ ಕಾಣಲಿಲ್ಲ.

ಇನ್ನು ಮಳೆಗಾಲ. ಬಟ್ಟೆಯನ್ನು ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುವ ಊರಿನಲ್ಲಿ ಕಾಗದದ ಗತಿ ಕೇಳಬೇಕೆ? ಕಾರ್ಡುಗಳು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿ, ಶಾಯಿ ಹರಡಿ, ಬೂಸಲು ಹಿಡಿಯುತ್ತಿದ್ದವು. ಗಾಣದ ಬುಡದಲ್ಲಿ ಕೆಂಡದ ಬಾಣಲೆ ಇಡುತ್ತಿದ್ದೆವು. ಎರಡನೆಯ ಮಳೆಗಾಲಕ್ಕೆ ನಾನೇ ಒಂದು ಉಪಾಯ ಹೇಳಿದೆ. ಹಾಳಾದ ಕಾರ್ಡುಗಳನ್ನು ಹೊಸ ಕಾರ್ಡಿಗೆ ನಕಲು ಮಾಡೋಣ, ಹಳೆಯದನ್ನು ಸುಟ್ಟುಬಿಡೋಣ. ನನ್ನ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಶಾಲೆಯಲ್ಲೇ ಹೆಸರಾಗಿತ್ತು, ಜಂಬವೂ ಇತ್ತು. ಕುಶಾಲಪ್ಪಣ್ಣ ಒಪ್ಪಿದರು, ಒಂದು ಷರತ್ತಿನ ಮೇಲೆ. ಹಳೆಯದು ಹೊಸದು ಎರಡನ್ನೂ ಅವರಿಗೆ ತೋರಿಸಿ, ಅವರು ತಾಳೆ ನೋಡಿದ ಮೇಲೆಯೇ ಹೊಸದು ಗೂಡಿಗೆ, ಹಳೆಯದು ಸುಡುವ ಬುಟ್ಟಿಗೆ. ಮೊದಲ ಕೆಲವು ವಾರ ಹಾಗೆಯೇ ಮಾಡಿದೆ. ಒಂದೂ ತಪ್ಪು ಸಿಗಲಿಲ್ಲ. ಆಮೇಲೆ ಅವರನ್ನು ಯಾಕೆ ಪದೇ ಪದೇ ಎಬ್ಬಿಸುವುದು ಎಂದು ನಾನೇ ಇಟ್ಟುಬಿಡತೊಡಗಿದೆ.

ಆಷಾಢದ ಒಂದು ಮಧ್ಯಾಹ್ನ ಕಾಳಿಯಮ್ಮ ಎಂಬಾಕೆಯ ಕಾರ್ಡು ನಕಲು ಮಾಡುತ್ತಿದ್ದೆ. ಮೂರನೆಯ ಲೈನಿನ ಕೊನೆಮನೆಯ ಕಾಳಿಯಮ್ಮ. ಕಾಫಿ ಕೊಯ್ಯುವವಳು, ಸಣಕಲು ಹೆಂಗಸು, ಇಬ್ಬರು ಸಣ್ಣ ಹೆಣ್ಣುಮಕ್ಕಳ ತಾಯಿ. ಗೂಡಿನಲ್ಲಿ ನನ್ನ ಹಳದಿ ಬಿಲ್ಲೆ ಇಟ್ಟಿದ್ದೆ. ಹಳೆಯ ಕಾರ್ಡಿನಲ್ಲಿದ್ದ ಕೊನೆಯ ಸಾಲು ಬರೆದು ಮುಗಿಸುವಷ್ಟರಲ್ಲಿ ವಾರ್ಡಿನಲ್ಲಿ ಗಾಯಕ್ಕೆ ಕಟ್ಟು ಹಾಕುವ ಡ್ರೆಸ್ಸರ್ ನಾಣು ಓಡಿಬಂದ. ನಾಣು ಕಣ್ಣೂರಿನ ಕಡೆಯ ಮಲಯಾಳಿ, ಬಲು ಒಳ್ಳೆಯ ಮನುಷ್ಯ, ನನ್ನನ್ನು ಮೋಳೆ, ಅಂದರೆ ಮಗಳೇ, ಅಂತ ಕರೆಯುವವನು, ಯಾವಾಗಲೂ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಓಡಾಟ.

"ಕಾಳಿಯಮ್ಮ ವಾರ್ಡಲ್ಲಿದ್ದಾಳೆ ಮೋಳೆ, ಎದೆ ಕಟ್ಟಿ ಜ್ವರ. ಕಾರ್ಡು ಕೊಡು, ಅಂಜು ನಿಮಿಷ, ಐದೇ ನಿಮಿಷ!"

"ಗೂಡಲ್ಲಿ ಬಿಲ್ಲೆ ಬದಲಾಯಿಸು ನಾಣು."

"ಬಂದು ಬದಲಾಯಿಸ್ತೇನೆ!" ಎಂದವನೇ ಹಳೆಯ ಕಾರ್ಡು ಕಿತ್ತುಕೊಂಡು, ತನ್ನ ಕೆಂಪು ಬಿಲ್ಲೆಯನ್ನು ನನ್ನ ಮುಂದೆ ಕುಕ್ಕಿ ಓಡಿದ. ಕುಕ್ಕಿದ್ದು ಎಲ್ಲಿ? ನನ್ನ ಹೊಸ ಕಾರ್ಡಿನ ಮೂಲೆಯ ಹಸಿ ಶಾಯಿಯ ಮೇಲೆ! ಎತ್ತಿ ನೋಡಿದರೆ ದುಂಡಗೆ ನೇರಳೆ ಬಣ್ಣದ ಕಲೆ. ನನ್ನ ಮುತ್ತಿನಂಥ ಕಾರ್ಡು! ನಾಣುವಿನ ಏಳು ತಲೆಮಾರಿಗೂ ಸೇರುವಂತೆ ಬೈದುಕೊಂಡು, ಬಿಲ್ಲೆಯನ್ನು ತೆಗೆದು ತೆರೆದಿದ್ದ ಖಾನೆಗೆ ಬಿಸಾಕಿ, ಒತ್ತುಕಾಗದದಿಂದ ಕಲೆ ಒರೆಸಿದೆ. ಬರೆಯಬೇಕಾದ್ದೆಲ್ಲ ಬರೆದಾಗಿತ್ತಲ್ಲ ಎಂದು ಹೊಸ ಕಾರ್ಡನ್ನು ಗೂಡಿಗೆ ಸೇರಿಸಿ ನನ್ನ ಹಳದಿ ಬಿಲ್ಲೆ ವಾಪಸು ತಂದೆ. ಆಮೇಲೆ ಮರೆತೇಬಿಟ್ಟೆ.

ಆ ಶನಿವಾರ ಎಣಿಸಿದರೆ ಮೂವತ್ತೈದು.

"ಒಂದು ಕೆಂಪು ಬಿಲ್ಲೆ ಇಲ್ಲೆ" ಅಂದರು ಕುಶಾಲಪ್ಪಣ್ಣ. "ಬಿಲ್ಲೆ ಇಲ್ಲೆ ಅಂದ್ರೆ ಒಂದು ಕಾರ್ಡು ಎಲ್ಲೋ ಹೊರಗೆ ಉಟ್ಟು." ಉಟ್ಟು ಅಂದರೆ ಅವರ ಮನೆಮಾತಿನಲ್ಲಿ ಉಂಟು.

"ಇಲಿ ಎಳ್ಕೊಂಡು ಹೋಗಿರ್ತದೆ, ಬಿಡಿ ಅಣ್ಣ" ಅಂದೆ ನಾನು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಎಲ್ಲರ ಜೊತೆ ನಾನೂ ಮಂಚದ ಕೆಳಗೆ, ಬೆಂಚಿನ ಕೆಳಗೆ ಹುಡುಕಿದೆ. ನನ್ನ ಮೇಜನ್ನು ನಾನೇ ಯಾಕೆ ಹುಡುಕಲಿ? ಗೂಡುಗಳನ್ನು ನೋಡಿದರೆ ಎಲ್ಲವೂ ತುಂಬಿದ್ದವು. ಒಂದೂ ಕಾರ್ಡು ಕಡಿಮೆಯಿಲ್ಲ. ಆದರೂ ಅವರು ಒಪ್ಪರು. ಮುಂದಿನ ಶನಿವಾರ, ಅದರ ಮುಂದಿನ ಶನಿವಾರ, ಮತ್ತೆ ಮತ್ತೆ ಅದೇ ಮಾತು. ಎರಡು ಸಲ ಇಡೀ ಗಾಣವನ್ನು ಖಾಲಿಮಾಡಿ ಮರಳಿ ತುಂಬಿಸಿದರು. ನಮಗೆಲ್ಲ ಶನಿವಾರ ಬಂತೆಂದರೆ ಮನೆ ಸೇರುವುದು ಕತ್ತಲಾದ ಮೇಲೆಯೇ. ಚಿಕ್ಕಮ್ಮನ ಮನೆಗೆ ಹೋಗುವ ಬಸ್ಸು ತಪ್ಪಿ, ನಾನು ಮಳೆಯಲ್ಲಿ ನಡೆದು ಹೋದದ್ದೂ ಉಂಟು.

ಕೊನೆಗೆ ನಾನು ಜಾಣತನ ಮಾಡಿದೆ. ಎಸ್ಟೇಟಿನ ಆಚಾರಿಯ ಹತ್ತಿರ ಅದೇ ಅಳತೆಯ ಒಂದು ಬಿಲ್ಲೆ ಕೆತ್ತಿಸಿದೆ. ಬೆಂಕಿ ಬಕೆಟ್ಟಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣ ಹಚ್ಚಿದೆ. ತೀರಾ ಹೊಸದಾಗಿ ಕಾಣಬಾರದೆಂದು ಕಾಫಿಚರಟದಲ್ಲಿ ತಿಕ್ಕಿದೆ. ಶನಿವಾರ ಎಲ್ಲರೂ ಹುಡುಕುತ್ತಿದ್ದಾಗ ಗಾಣದ ಬುಡದಿಂದ ಎತ್ತಿದವಳ ಹಾಗೆ ನಟಿಸಿ, "ಸಿಕ್ತು ಅಣ್ಣಾ!" ಅಂತ ಕೂಗಿದೆ.

ಕುಶಾಲಪ್ಪಣ್ಣನ ಮುಖ ನೋಡಬೇಕಿತ್ತು! ಮಗು ಸಿಕ್ಕಿದವರ ಹಾಗೆ ಆ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು, "ಬದುಕಿದೆ ಕೂಸೆ" ಅಂದರು. ಮನೆಯಿಂದ ತಂದಿದ್ದ ಬಾಳೆಹಣ್ಣು ಎಲ್ಲರಿಗೂ ಹಂಚಿದರು. ನಾನು ಎರಡು ತಿಂದೆ.

ದಸರೆ ಕಳೆಯಿತು. ಮಳೆಗಾಲದಲ್ಲಿ ವಾರ್ಡು ನೋಡುತ್ತಿದ್ದ ಸಣ್ಣ ಡಾಕ್ಟರು ಕೆಲಸ ಬಿಟ್ಟು ಹೋದರು, ಸಿಸ್ಟರೂ ಬದಲಾದರು. ಕಾಫಿ ಕೊಯ್ಲು ಶುರುವಾಯಿತು. ನಾಣು ಹೆಂಡತಿಯ ಹೆರಿಗೆಗೆಂದು ಊರಿಗೆ ಹೋಗಿದ್ದ. ಅಂಥ ಒಂದು ಬೆಳಿಗ್ಗೆ ಕಾಳಿಯಮ್ಮ ಕುಂಟುತ್ತ ಬಂದಳು. ಕೊಯ್ಯುವಾಗ ಕಡಿದ ಗಿಡದ ಕೂಳೆ ಚುಚ್ಚಿ ಪಾದ ಕೀವು ತುಂಬಿ ಊದಿತ್ತು. ದೊಡ್ಡ ಡಾಕ್ಟರು ನೋಡಿ, ಚೀಟಿಯಲ್ಲಿ ಪೆನಿಸಿಲಿನ್ ಅಂತ ಬರೆದು, "ಕಾರ್ಡು ನೋಡಿ ಚುಚ್ಚಿ" ಎಂದು ನನ್ನ ಕಿಟಕಿಗೆ ಕಳಿಸಿದರು. ಔಷಧಿ ಒಗ್ಗುತ್ತದೋ ಇಲ್ಲವೋ ಎಂದು ಮೊದಲು ಚರ್ಮಕ್ಕೆ ಹನಿ ಚುಚ್ಚಿ ನೋಡುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿರಲಿಲ್ಲ. ಒಗ್ಗದ್ದೇನಾದರೂ ಇದ್ದರೆ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿರಬೇಕು. ಅದೊಂದೇ ಕಾವಲು.

ಕಾಳಿಯಮ್ಮ ಕಿಟಕಿಯ ಸರಳು ಹಿಡಿದುಕೊಂಡಳು. "ವೇಂಡಾಮ್ಮಾ, ಊಸಿ ವೇಂಡಾಂ. ಮಳೇಲಿ ಊಸಿ ಹಾಕಿ ನಾನು ಸೆತ್ತು ಪೊಳಚ್ಚೆ."

ಸೂಜಿ ಬೇಡ, ಮಳೆಗಾಲದಲ್ಲಿ ಸೂಜಿ ಹಾಕಿ ಸತ್ತು ಬದುಕಿದೆ ಅಂತ ಅವಳು ಹೇಳಿದ್ದು. ನನಗೆ ಚೆನ್ನಾಗಿ ಅರ್ಥವಾಯಿತು. ಗಾಣ ತಿರುಗಿಸಿ ಕಾರ್ಡು ತೆಗೆದೆ. ಹಾಲಿನಂಥ ಕಾರ್ಡು, ನನ್ನದೇ ಅಕ್ಷರ, ಎಲ್ಲಿಯೂ ಕೆಂಪಿಲ್ಲ. ಮೂಲೆಯಲ್ಲಿ ದುಂಡಗೆ ಒಂದು ನೇರಳೆ ಕಲೆ, ಅಷ್ಟೇ.

"ಸೂಜಿ ಕಂಡ್ರೆ ಎಲ್ಲರೂ ಹೀಗೇ ಹೇಳ್ತೀರಿ" ಅಂದೆ. "ಕಾರ್ಡಲ್ಲಿ ಏನೂ ಇಲ್ಲ. ನಡಿ, ಮೊಂಡಾಟ ಮಾಡಬೇಡ."

ಇದನ್ನು ನಾನು ಹೇಳಿದೆ. ನನ್ನ ಬಾಯಿಂದಲೇ. ಎದುರಿಗೆ ನಿಂತು ಅಳುವ ಹೆಂಗಸಿಗಿಂತ ನನಗೆ ನನ್ನ ಅಕ್ಷರದ ಮೇಲೆ ನಂಬಿಕೆ. ಅವಳು ಕುಂಟುತ್ತ ಇಂಜೆಕ್ಷನ್ ಕೋಣೆಯ ಕಡೆ ಹೋದಳು. ನಾನು 'ಸರಿಯಿದೆ' ಎಂದು ಬರೆದ ಚೀಟಿ ಅವಳ ಕೈಯಲ್ಲಿತ್ತು.

ಅವತ್ತಿನ ತಾರೀಖನ್ನು ಕಾರ್ಡಿನಲ್ಲಿ ಬರೆದು, ಶಾಯಿ ಒಣಗಿಸಲು ಮೇಜಿನ ಖಾನೆ ಎಳೆದೆ. ಮೇಲಿದ್ದ ಒತ್ತುಕಾಗದ ಮುಗಿದಿತ್ತು. ಹಳೆಯದಾದರೂ ಸಿಗಲಿ ಎಂದು ಖಾನೆಯ ಮೂಲೆಗೆ ಕೈಹಾಕಿದರೆ, ಮಳೆಗಾಲದ ಒತ್ತುಕಾಗದಗಳ ಅಡಿಯಿಂದ ದುಂಡಗಿನದೊಂದು ಬೆರಳಿಗೆ ತಾಗಿತು. ತೆಗೆದು ನೋಡಿದೆ. ಕೆಂಪು ಬಿಲ್ಲೆ. ಅಡಿಯಲ್ಲಿ ನೇರಳೆ ಶಾಯಿ.

ಕೈಯಲ್ಲಿದ್ದ ಕಾರ್ಡಿನ ಕಲೆಯ ಮೇಲೆ ಇಟ್ಟೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು.

ನಾಣು ಹಳೆಯ ಕಾರ್ಡು ಒಯ್ದದ್ದು, ಅವನು ವಾಪಸು ತರುವ ಮೊದಲೇ ನಾನು ಹೊಸದನ್ನು ಗೂಡಿಗೆ ಇಟ್ಟದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಅವತ್ತು ವಾರ್ಡಿನಲ್ಲಿ ಏನೇ ಬರೆದಿದ್ದರೂ ಹಳೆಯ ಕಾರ್ಡಿನಲ್ಲಿ ಬರೆದಿರುತ್ತಾರೆ. ನನ್ನ ಕೈಯಲ್ಲಿರುವುದು ಅದಕ್ಕಿಂತ ಮೊದಲಿನ ಕಾಳಿಯಮ್ಮ. ಸೆತ್ತು ಪೊಳಚ್ಚೆ.

ನಾನು ಕುರ್ಚಿ ಒದ್ದು ಓಡಿದೆ. ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ ವರಾಂಡದಲ್ಲಿ ಮುಗ್ಗರಿಸಿ ಬಿದ್ದೆ, ಬಿದ್ದಲ್ಲಿಂದಲೇ "ಸಿಸ್ಟರ್, ನಿಲ್ಸಿ! ಚುಚ್ಚಬೇಡಿ!" ಎಂದು ಕಿರುಚಿದೆ. ಒಳಗೆ ಹೊಸ ಸಿಸ್ಟರು ಸೂಜಿ ಹಿಡಿದಿದ್ದರು, ಕಾಳಿಯಮ್ಮನ ತೋಳಿಗೆ ಸ್ಪಿರಿಟ್ ಹಚ್ಚಿಯಾಗಿತ್ತು. ನನ್ನ ಕೂಗಿಗೆ ಡಾಕ್ಟರೂ ಬಂದರು, ಕುಶಾಲಪ್ಪಣ್ಣನೂ ಬಂದರು.

"ಕಾರ್ಡು ಸರಿಯಿದೆ ಅಂತ ನೀನೇ ಬರೆದಿದ್ದೀಯಲ್ಲಮ್ಮ?" ಅಂದರು ಡಾಕ್ಟರು.

"ಕಾರ್ಡು ಸುಳ್ಳು ಸಾರ್" ಅಂದೆ. "ವಾರ್ಡಿನ ದಿನವಹಿ ನೋಡಿ. ಆಷಾಢದ್ದು ನೋಡಿ."

ವಾರ್ಡಿನಲ್ಲಿ ನಡೆದದ್ದನ್ನೆಲ್ಲ ಆಯಾ ದಿನ ಬರೆದಿಡುವ ದಪ್ಪ ಪುಸ್ತಕ ಅದು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಕುಶಾಲಪ್ಪಣ್ಣನೇ ತಂದು ಹಾಳೆ ಹಾಳೆ ತಿರುವಿದರು. ಸಿಕ್ಕಿತು. ಮೂರನೆಯ ಲೈನಿನ ಕಾಳಿಯಮ್ಮ, ಪೆನಿಸಿಲಿನ್ ಕೊಟ್ಟ ಸ್ವಲ್ಪ ಹೊತ್ತಿಗೆ ಮೈಯೆಲ್ಲ ದದ್ದು, ತುಟಿ ಊದಿದೆ, ಉಸಿರು ಕಟ್ಟಿದೆ, ಬಹಳ ಕಷ್ಟದಿಂದ ಉಳಿದಳು, ಮತ್ತೆಂದೂ ಕೊಡಬಾರದು, ಕಾರ್ಡಿನಲ್ಲಿ ಗುರುತು ಹಾಕಿದೆ.

ಸಿಸ್ಟರು ಸೂಜಿಯನ್ನು ತಟ್ಟೆಯಲ್ಲಿಟ್ಟರು. ಡಾಕ್ಟರು ಚೀಟಿ ಹರಿದು ಬೇರೆ ಮಾತ್ರೆ ಬರೆದು, ಕೀವು ತೆಗೆದು ಕಟ್ಟು ಹಾಕಿದರು. ಕಾಳಿಯಮ್ಮ ನನ್ನನ್ನೇ ನೋಡುತ್ತ, "ನಾ ಸೊನ್ನೆನಲ್ಲಮ್ಮಾ" ಅಂದಳು. ಹೇಳಿದೆನಲ್ಲಮ್ಮಾ ಅಂತ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಅಲ್ಲೇ ಗೋಡೆಗೊರಗಿ ಹೋ ಎಂದು ಅತ್ತೆ.

ನಾಣು ಊರಿಂದ ಬಂದ ಮೇಲೆ ಉಳಿದದ್ದೂ ತಿಳಿಯಿತು. ಅವನು ಹಳೆಯ ಕಾರ್ಡು ತಂದಾಗ ನಾನು ಊಟಕ್ಕೆ ಹೋಗಿದ್ದೆನಂತೆ. ಗೂಡು ನೋಡಿದರೆ ಹೊಸ ಕಾರ್ಡು ಕೂತಿದೆ. ಸರಿ, ಮೋಳೆ ಎಲ್ಲ ಬರೆದುಕೊಂಡಿದ್ದಾಳೆ, ಹಳೆಯದಕ್ಕೆ ಇನ್ನೇನು ಕೆಲಸ ಎಂದು ಸುಡುವ ಬುಟ್ಟಿಗೆ ಹಾಕಿದನಂತೆ. ಬಿಲ್ಲೆಯ ನೆನಪೇ ಬರಲಿಲ್ಲವಂತೆ. ಅವನನ್ನು ಬೈಯುವ ಮುಖ ನನಗೆಲ್ಲಿತ್ತು? ಎರಡು ಕಾರ್ಡು ಹುಟ್ಟಿಸಿದವಳು ನಾನು. ಸುಳ್ಳು ಕಾರ್ಡನ್ನು ಕಾಪಾಡಿದವಳೂ ನಾನೇ.

ಕಾಳಿಯಮ್ಮ ಸೂಜಿಯಿಂದ ಪಾರಾದ ದಿನವೇ ಸಂಜೆ ಕುಶಾಲಪ್ಪಣ್ಣನ ಮೇಜಿನ ಮೇಲೆ ಆ ಬಿಲ್ಲೆಯಿಟ್ಟು, ಆಚಾರಿಯ ಹತ್ತಿರ ಕೆತ್ತಿಸಿದ್ದು, ಬಣ್ಣ ಬಳಿದದ್ದು, ಕಾಫಿಚರಟ ತಿಕ್ಕಿದ್ದು, ಎಲ್ಲ ಹೇಳಿದೆ. ಕೆಲಸ ಹೋಗುತ್ತದೆ ಅಂತಲೇ ಅಂದುಕೊಂಡಿದ್ದೆ. ಅವರು ಎದ್ದು ಹೋಗಿ ಕೆಂಪು ಬಿಲ್ಲೆಗಳನ್ನೆಲ್ಲ ತಂದು ಸಾಲಾಗಿ ಜೋಡಿಸಿದರು. ಹದಿಮೂರು. ಒಂದೊಂದನ್ನೇ ಬೆರಳಲ್ಲಿ ಒರೆಸಿ ನನ್ನ ಬಿಲ್ಲೆಯನ್ನು ಹುಡುಕಿ ತೆಗೆದರು.

"ನಾನೇ ನಂಬಿದೆ ನೋಡು" ಅಂದರು. "ಬಾಳೆಹಣ್ಣು ಬೇರೆ ಹಂಚಿದೆ." ಬಿಲ್ಲೆಯನ್ನು ಬೆಳಕಿಗೆ ಹಿಡಿದು, "ಕೂಸೆ, ಕಮ್ಮಿ ಬಂದ್ರೆ ಹುಡುಕುವ ಅಂತ ಇದ್ದೆ. ಸರಿ ಬಂದ್ರೆ ಯಾರ್ ಹುಡ್ಕುದು?"

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಆ ಸುಳ್ಳು ಬಿಲ್ಲೆಯನ್ನು ನನ್ನ ಕೈಯಲ್ಲಿಟ್ಟು, "ಇದು ನಿನ್ನ ಖಾನೆಯಲ್ಲಿರ್ಲಿ" ಅಂದರು. ಮರುದಿನದಿಂದ ಸುಡುವ ಬುಟ್ಟಿಗೆ ಮುಚ್ಚಳ ಬಂತು, ಮುಚ್ಚಳಕ್ಕೆ ಬೀಗ ಬಂತು. ಆಷಾಢದಿಂದ ಈಚೆಗೆ ನಾನು ನಕಲು ಮಾಡಿದ್ದ ಕಾರ್ಡುಗಳನ್ನೆಲ್ಲ ವಾರ್ಡಿನ ದಿನವಹಿಯ ಜೊತೆ ನಾವಿಬ್ಬರೂ ತಾಳೆ ನೋಡಿದೆವು. ಅದಕ್ಕೇ ಆ ಬೇಸಿಗೆ ಮುಗಿಯಿತು. ಇನ್ನೊಂದು ತಪ್ಪು ಸಿಗಲಿಲ್ಲ. ಆದರೆ ಹುಡುಕದೆ ಹಾಗೆನ್ನುವ ಧೈರ್ಯ ನನಗೆ ಆಮೇಲೆ ಎಂದೂ ಬರಲಿಲ್ಲ. ಕಾಳಿಯಮ್ಮ ಮುಂದೆ ಬಹಳ ವರ್ಷ ಕಾಫಿ ಕೊಯ್ದಳು. ಆಸ್ಪತ್ರೆಗೆ ಬಂದಾಗಲೆಲ್ಲ ನನ್ನ ಕಿಟಕಿಯಲ್ಲಿ ಇಣುಕಿ, "ಕಾರ್ಡು ಕರೆಕ್ಟಾಮ್ಮಾ?" ಅಂತ ಕೇಳುತ್ತಿದ್ದಳು. ತಮಾಷೆಗೇ ಕೇಳುತ್ತಿದ್ದಳು. ನಾನು ಒಮ್ಮೆಯೂ ನಗಲಿಲ್ಲ. "ನೀನು ಹೇಳು ಕಾಳಿಯಮ್ಮ, ನಾನು ಬರೆದುಕೊಳ್ತೀನಿ" ಅನ್ನುತ್ತಿದ್ದೆ.

ಗಾಣದ ಗೂಟ ಸವೆದು, ಅದರ ಜಾಗಕ್ಕೆ ಕಬ್ಬಿಣದ ಬೀರು ಬಂತು, ಫೈಲು ಬಂತು, ನಾನು ನಿವೃತ್ತಳಾಗುವ ಹೊತ್ತಿಗೆ ಮೊದಲನೆಯ ಕಂಪ್ಯೂಟರೂ ಬಂತು. ಕುಶಾಲಪ್ಪಣ್ಣ ಅದನ್ನು ನೋಡಲು ಇರಲಿಲ್ಲ. ಇದ್ದಿದ್ದರೆ, ಶನಿವಾರ ಇದರ ಬಿಲ್ಲೆ ಎಣಿಸುವುದು ಹೇಗೆ ಅಂತಲೇ ಮೊದಲು ಕೇಳುತ್ತಿದ್ದರು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಆ ಚಳಿಕೋಣೆಯಲ್ಲಿ ನನ್ನ ಬೆರಳು ಮರಗಟ್ಟಿದ್ದವು. ಶಬಾನಾ ಎದ್ದು, ಉಗುರಿನಿಂದ ಪ್ಲಾಸ್ಟರ್ ಎಬ್ಬಿಸಿ ಕಿತ್ತಳು. ಕೆಳಗೆ ಹಳದಿ ದೀಪ ಮಿನುಗುತ್ತಿತ್ತು. ಅವಳು ಅದನ್ನೇ ನೋಡುತ್ತ ನಿಂತಿದ್ದಳು.

ವಾರದ ಮೇಲೆ ಫೋನು ಮಾಡಿದಳು. ಜೋಡಿ ಡಿಸ್ಕುಗಳಲ್ಲಿ ಒಂದು ಸತ್ತು ಒಂದೂವರೆ ತಿಂಗಳಾಗಿತ್ತಂತೆ. ಅಷ್ಟೂ ದಿನ ಎಲ್ಲರ ಔಷಧಿ, ಎಲ್ಲರ ಒಗ್ಗದ್ದು, ಎಲ್ಲವೂ ಉಳಿದ ಒಂದೇ ಡಿಸ್ಕಿನ ಮೇಲೆ ನಿಂತಿತ್ತಂತೆ. ಅದೂ ಹೋಗಿದ್ದರೆ? "ಬದಲಾಯಿಸಿದ್ವಿ ಆಂಟಿ. ಈಗ ದೀಪ ಹಸಿರು" ಅಂದಳು. "ಕೆಲಸ ನಡೀತಾನೇ ಇತ್ತಲ್ಲ, ಅದಕ್ಕೇ ನಾನು..." ಎಂದು ನಿಲ್ಲಿಸಿದಳು. ನನಗೆ ಗೊತ್ತು ಮಗಾ ಅಂದೆ.

ಮುಂದಿನ ಸಲ ಮಂಡಿಯ ನೆವದಲ್ಲಿ ಹೋದಾಗ ನನ್ನ ಬಿಲ್ಲೆಯನ್ನು ಒ‌ಯ್ದೆ. ಬಣ್ಣ ಅಲ್ಲಲ್ಲಿ ಎದ್ದಿತ್ತು, ಮರ ಕಾಣುತ್ತಿತ್ತು. ಶಬಾನಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾವುದು ಆಂಟಿ, ನಿಜದ್ದಾ, ಸುಳ್ಳಿನದಾ?" ಎಂದು ಕೇಳಿದಳು.

"ಸುಳ್ಳಿನದು. ಈ ಪೆಟ್ಟಿಗೆ ಪಕ್ಕದಲ್ಲೇ ಇಟ್ಕೋ. ಆದ್ರೆ ಎಣಿಸುವಾಗ ಸೇರಿಸಬೇಡ" ಅಂದೆ.